ಎರಡು ಗಂಟೆಯ ಲಾರಿ

“ಗಲ್ಫಿನಿಂದ ಬಂದ ಗಂಡ ಮೊದಲನೇ ತಿಂಗಳು ಮದುಮಗ, ಎರಡನೇ ತಿಂಗಳು ನೆಂಟ, ಮೂರನೇ ತಿಂಗಳಿಂದ ಇನ್‌ಸ್ಪೆಕ್ಟರು” ಎಂದು ನುಸೈಬಾ ಬೇಲಿಯಾಚೆಯ ಮನೆಯ ಅಮ್ಮುವಿನ ಹತ್ತಿರ ಹೇಳಿ ನಗುತ್ತಿದ್ದಳು. ಐದನೇ ತಿಂಗಳು ಹಿಡಿದಾಗ ಆ ನಗುವೂ ನಿಂತುಹೋಯಿತು.

ಅವಳ ಗಂಡ ಶಾಹುಲ್ ಹಮೀದರು ಇಪ್ಪತ್ತಾರು ವರ್ಷ ಸೌದಿಯಲ್ಲಿ ಟ್ರೈಲರ್ ಲಾರಿ ಓಡಿಸಿದವರು. ದಮ್ಮಾಮಿನಲ್ಲಿ ಲೋಡು ಹತ್ತಿಸಿದರೆ ಜಿದ್ದಾದಲ್ಲಿ ಇಳಿಸುವ ತನಕ ಸಾವಿರದ ಮುನ್ನೂರು ಕಿಲೋಮೀಟರು ತಾನು ಆಡಿದ್ದೇ ಮಾತು, ಮಾಡಿದ್ದೇ ಕೆಲಸ ಎಂದು ಬದುಕಿದ ಮನುಷ್ಯ. ಅಂಥವರನ್ನು ಪುತ್ತಿಗೆಯ ನಾಲ್ಕು ಕೋಣೆಯ ಮನೆಯೊಳಗೆ ಕೂರಿಸಿದರೆ ಏನಾದೀತು? ಬೆಳಗ್ಗೆ ಎದ್ದವರೇ ಅಡುಗೆಕೋಣೆಗೆ ಬರುತ್ತಿದ್ದರು. ಬಂಗುಡೆಗೆ ಹುಳಿ ಯಾಕೆ ಇಷ್ಟು, ಗ್ಯಾಸಿನ ಉರಿ ಯಾಕೆ ಅಷ್ಟು ದೊಡ್ಡದು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ನಳ್ಳಿ ಯಾಕೆ ತೊಟ್ಟಿಕ್ಕುತ್ತದೆ, ಮಗಳು ಶಿಬಿಲಾ ಏಳೂಮುಕ್ಕಾಲರ ಬಸ್ಸು ಬಿಟ್ಟು ಎಂಟರ ಬಸ್ಸಿಗೆ ಯಾಕೆ ಹೋಗುತ್ತಾಳೆ. ಉತ್ತರ ಕೊಟ್ಟರೆ ಜಗಳ, ಕೊಡದಿದ್ದರೆ ಇನ್ನೂ ದೊಡ್ಡ ಜಗಳ.

ಅವರು ಊರಿಗೆ ಬಂದದ್ದು ಕಾಲಿನ ಕಾರಣಕ್ಕೆ. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಎರಡೂ ಅಂಗಾಲುಗಳ ಅರಿವನ್ನು ತಿಂದುಹಾಕಿತ್ತು. ಮಂಗಳೂರಿನ ಡಾಕ್ಟರು ಕಣ್ಣು ಮುಚ್ಚಲು ಹೇಳಿ, ನೂಲಿನಷ್ಟು ಸಪೂರದ ಕಡ್ಡಿಯೊಂದನ್ನು ಅಂಗಾಲಿಗೆ ಮುಟ್ಟಿಸುತ್ತಾ, “ಮುಟ್ಟಿದ್ದು ಗೊತ್ತಾದಾಗ ಹೇಳಿ” ಎಂದಿದ್ದರು. ಶಾಹುಲ್ ಹಮೀದರು ಹತ್ತು ಸಲ “ಗೊತ್ತಾಯ್ತು” ಎಂದರು. ಡಾಕ್ಟರು ಮುಟ್ಟಿಸಿದ್ದು ನಾಲ್ಕೇ ಸಲ. ಇನ್ನು ಗಾಡಿ ಓಡಿಸಬಾರದು ಎಂದು ಬರೆದುಕೊಟ್ಟ ಚೀಟಿಯನ್ನು ಅವರು ಮಡಚಿ ಕಿಸೆಗೆ ಹಾಕಿಕೊಂಡರು. ಆಮೇಲೆ ಆ ಚೀಟಿಯನ್ನು ಮನೆಯಲ್ಲಿ ಯಾರೂ ನೋಡಲಿಲ್ಲ.

ಮಗ ಉನೈಸ್ ಬದಿಯಡ್ಕದ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಉಮ್ಮನ ಗೋಳು ಕೇಳಿ ಕೇಳಿ ಬೇಸತ್ತ ಅವನು ಒಂದು ಉಪಾಯ ಮಾಡಿದ. ಶಿಬಿಲಾಳ ಓದಿಗೆಂದು ಎರಡು ವರ್ಷದ ಹಿಂದೆ ತಂದ ಕಂಪ್ಯೂಟರು ಚಾವಡಿಯ ಮೂಲೆಯಲ್ಲಿತ್ತು. ಅದಕ್ಕೆ ಲಾರಿ ಓಡಿಸುವ ಒಂದು ಆಟ ಹಾಕಿ ಉಪ್ಪನನ್ನು ಕರೆದು ಕೂರಿಸಿದ.

“ಇದೆಂತ ರಸ್ತೆ? ಮರಳು ಇಲ್ಲ, ಒಂಟೆ ಇಲ್ಲ” ಎಂದು ಶಾಹುಲ್ ಹಮೀದರು ಮೂಗು ಮುರಿದರು.

“ಇದು ಯುರೋಪು, ಉಪ್ಪ.”

“ರೈಟ್ ಸೈಡಿನ ಡ್ರೈವಿಂಗ್ ಉಂಟಲ್ಲ. ಅಡ್ಡಿಯಿಲ್ಲ. ಹಾರ್ನು ಯಾವುದು?”

ಅಂದಿನಿಂದ ಹದಿನೈದು ದಿನ ಆ ಮನೆಯಲ್ಲಿ ಬಂಗುಡೆಯ ಹುಳಿಯ ಬಗ್ಗೆ ಮಾತೇ ಬರಲಿಲ್ಲ. ಶಾಹುಲ್ ಹಮೀದರು ಚಹಾ ಕುಡಿದು, ಬಿಸ್ಮಿಲ್ಲಾ ಹೇಳಿ ಕೂತರೆ, ಎಲ್ಲಿಂದಲೋ ಎಲ್ಲಿಗೋ ಮರದ ದಿಮ್ಮಿ ಸಾಗಿಸಿ ಹದಿನೈದಿಪ್ಪತ್ತು ನಿಮಿಷಕ್ಕೊಂದು ಟ್ರಿಪ್ಪು ಮುಗಿಸಿ ಎದ್ದು ಅಂಗಳಕ್ಕೊಂದು ಸುತ್ತು ಬರುತ್ತಿದ್ದರು. ನುಸೈಬಾ ಮಗನಿಗೆ ಎರಡು ದಿನ ತುಪ್ಪದನ್ನ ಮಾಡಿ ಹಾಕಿದಳು.

ಫೆಬ್ರವರಿ ಕೊನೆಯ ವಾರದಲ್ಲಿ ಸೌದಿಯ ಕಂಪೆನಿಯಿಂದ ಫೋನು ಬಂತು. ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಏಪ್ರಿಲ್ ಹತ್ತಕ್ಕೆ ನನ್ನ ರೀಎಂಟ್ರಿ ವೀಸಾ ಮುಗಿಯುತ್ತದೆ. ಅದರೊಳಗೆ ನಾನು ಹೋಗ್ಬೇಕು.”

ನುಸೈಬಾ ಬಡಿಸುತ್ತಿದ್ದ ಸೌಟು ಪಾತ್ರೆಗೆ ಹಾಕಿದಳು. “ಎಂತ ಮಾಡ್ಲಿಕ್ಕೆ?”

“ಗಂಜಿ ಕುಡೀಲಿಕ್ಕೆ. ಎಂತ ಮಾಡ್ಲಿಕ್ಕೆ ಅಂತೆ! ಲಾರಿ ಓಡಿಸ್ಲಿಕ್ಕೆ.”

“ಕಾಲು?”

“ಕಾಲು ಉಂಟು. ನೋಡು, ಎರಡೂ ಉಂಟು.”

“ಉಂಟು, ಉಂಟೂಂತ ನಿಮಗೆ ಗೊತ್ತಾಗುವುದಿಲ್ಲ ಅಷ್ಟೆ. ಬ್ರೇಕಿನ ಮೇಲೆ ಕಾಲಿಟ್ಟಿದ್ದೀರಾ ಇಲ್ಲವಾ ಅಂತ ಬಗ್ಗಿ ನೋಡಿ ಓಡಿಸ್ತೀರಾ? ಎದುರಿಂದ ಬರುವವರು ಯಾರದ್ದೋ ಮಕ್ಕಳಲ್ವಾ?”

“ಖರ್ಚಿಗೆ ಅಂತಾದರೆ ಹೋಗುವುದು ಬೇಡ ಉಪ್ಪ, ನಾನು ದುಡೀತೇನಲ್ಲ” ಎಂದ ಉನೈಸ್.

“ಖರ್ಚಿನ ಮಾತು ಯಾರು ಎತ್ತಿದ್ದು? ಇಲ್ಲಿ ಕೂತು ನಾನು ಎಂತ ಮಾಡುವುದು? ನಿನ್ನ ಉಮ್ಮ ಎಷ್ಟು ಬೂತಾಯಿ ಹುರಿದಳು ಅಂತ ಲೆಕ್ಕ ಹಾಕುವುದಾ?”

“ಅದೇ ಮಾಡ್ತಿದ್ದೀರಲ್ಲ!” ಎಂದಳು ನುಸೈಬಾ.

ಶಾಹುಲ್ ಹಮೀದರಿಗೆ ರೇಗಿತು. “ಹದಿನೈದು ದಿನದಿಂದ ಅದರಲ್ಲಿ ಓಡಿಸ್ತಾ ಇದ್ದೇನೆ. ಎಲ್ಲಿಯಾದರೂ ಗುದ್ದಿದ್ದು ಉಂಟಾ? ಕೇಳು ನಿನ್ನ ಮಗನ ಹತ್ತಿರ.”

“ಅದು ಬೆರಳಲ್ಲಿ ಒತ್ತುವುದು. ಬೆರಳಿಗೂ ಕಾಲಿಗೂ ಎಂತ ಸಂಬಂಧ?”

“ಹಾಗಾದ್ರೆ ಕಾಲಲ್ಲೇ ಒತ್ತಿ ತೋರಿಸ್ತೇನೆ.”

ಇಷ್ಟು ಹೊತ್ತು ತಲೆಯೆತ್ತದೆ ಉಣ್ಣುತ್ತಿದ್ದ ಉಮ್ಮಾಲಿಮ್ಮ, ಅಂದರೆ ಶಾಹುಲ್ ಹಮೀದರ ತಾಯಿ, ಕೈ ನೆಕ್ಕಿಕೊಂಡು ತೀರ್ಪು ಕೊಟ್ಟುಬಿಟ್ಟರು. “ಒಟ್ಟಿಗೆ ಎರಡು ಗಂಟೆ ಓಡಿಸು. ಗುದ್ದದೆ ಓಡಿಸಿದರೆ ಹೋಗು, ಇವಳು ಮಾತಾಡಬಾರದು. ಗುದ್ದಿದರೆ ಬಾಯಿ ಮುಚ್ಚಿ ಮನೆಯಲ್ಲಿ ಕೂರು. ಈಗ ನನಗೆ ಮೀನು ತಿನ್ನಲಿಕ್ಕೆ ಬಿಡಿ, ಮುಳ್ಳು ಸಿಕ್ಕಿಹಾಕಿಕೊಳ್ತದೆ.”

ನುಸೈಬಾ ಒಪ್ಪಿದಳು. ಎರಡು ಗಂಟೆ ದೂರದ ಮಾತು, ಹತ್ತು ನಿಮಿಷಕ್ಕೇ ಯಾವುದಾದರೂ ಸೇತುವೆಗೆ ಗುದ್ದುತ್ತಾರೆ ಎಂದು ಅವಳಿಗೆ ಧೈರ್ಯವಿತ್ತು.

ಉನೈಸ್ ಕಾಸರಗೋಡಿನ ಗೆಳೆಯನೊಬ್ಬನ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಸ್ಟೇರಿಂಗು, ಪೆಡಲುಗಳ ಸೆಟ್ಟನ್ನು ತಂದು ಕಂಪ್ಯೂಟರಿಗೆ ಸಿಕ್ಕಿಸಿದ. ಆದಿತ್ಯವಾರ ಬೆಳಗ್ಗೆ ಹತ್ತಕ್ಕೆ ಮನೆಯವರೆಲ್ಲ ಚಾವಡಿಯಲ್ಲಿ ಸೇರಿದರು. ಶಾಹುಲ್ ಹಮೀದರು ಬರಿಗಾಲಲ್ಲಿ ಕೂತು ಹೊರಟರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಗುದ್ದಲಿಲ್ಲ. ಮೂವತ್ತೈದಕ್ಕೆ ಮಂಜು ಬಿದ್ದ ಘಾಟಿ ಇಳಿದರು, ಆಗಲೂ ಗುದ್ದಲಿಲ್ಲ. ನುಸೈಬಾ ಗೋಡೆ ಗಡಿಯಾರ ನೋಡತೊಡಗಿದಳು. ನಲ್ವತ್ತನೇ ನಿಮಿಷಕ್ಕೆ ಪರದೆ ಟಪ್ಪೆಂದು ಕಪ್ಪಾಯಿತು.

“ಯಾರು ಸ್ವಿಚ್ಚು ತೆಗೆದದ್ದು?” ಶಾಹುಲ್ ಹಮೀದರು ಕೂತಲ್ಲಿಂದಲೇ ಕೂಗಿದರು.

“ಯಾರೂ ಇಲ್ಲ ಉಪ್ಪ. ಫ್ಯಾನು ತಿರುಗ್ತಾ ಉಂಟು ನೋಡಿ.”

“ಕರೆಂಟು ಇದ್ದು ಇದಕ್ಕೆ ಮಾತ್ರ ಹೋಗುವುದು ಹೇಗೆ?”

ಮತ್ತೆ ಹಾಕಿದರೆ ಕಂಪ್ಯೂಟರು ಏನೂ ಆಗದವರ ಹಾಗೆ ಎದ್ದು ಕೂತಿತು. ಮತ್ತೆ ಲಾರಿ ಹೊರಟರೆ ಅರ್ಧ ಗಂಟೆಗೆ ಮತ್ತೆ ಟಪ್ಪೆಂದು ನಿಂತಿತು. ನುಸೈಬಾ ಆ ದಿನ ಒಳಗೆ ಹೋಗಿ ಮನಸ್ಸಿನಲ್ಲೇ ಆ ಯಂತ್ರಕ್ಕೆ ಸಲಾಂ ಹೇಳಿದಳು.

ಆಮೇಲಿನ ಒಂದು ವಾರ ಮನೆಯ ಪಾಡು ಹೇಳಿ ಸುಖವಿಲ್ಲ. ವೋಲ್ಟೇಜು ಸಾಲುವುದಿಲ್ಲ ಎಂದು ಶಾಹುಲ್ ಹಮೀದರೇ ಕಂಡುಹಿಡಿದರು. ಅವರು ಲಾರಿ ಹೊರಡಿಸಿದರೆ ಮಿಕ್ಸಿ ಹಾಕುವ ಹಾಗಿಲ್ಲ, ಫ್ರಿಜ್ಜು ಬಂದ್, ಪಂಪು ಬಂದ್. ನುಸೈಬಾ ಹನ್ನೆರಡು ವರ್ಷದಿಂದ ಮುಟ್ಟದ ಕಡೆಯುವ ಕಲ್ಲನ್ನು ತೊಳೆದು ತೆಂಗಿನಕಾಯಿ ಕಡೆದಳು. ಮಧ್ಯಾಹ್ನದ ಊಟ ಮೂರಕ್ಕೆ ಬಂತು. ಒಂದು ದಿನ ಶಿಬಿಲಾ ತಲೆಗೆ ಶಾಂಪೂ ಹಚ್ಚಿಕೊಂಡಿದ್ದಾಗ ಟ್ಯಾಂಕಿನ ನೀರು ಮುಗಿಯಿತು.

“ಉಮ್ಮಾ, ನೀರು! ಕಣ್ಣು ಉರೀತದೆ!”

“ನಿನ್ನ ಉಪ್ಪ ಜರ್ಮನಿಯಲ್ಲಿ ಇದ್ದಾರೆ. ಬಂದ ಮೇಲೆ ಪಂಪು ಹಾಕುವ” ಎಂದು ನುಸೈಬಾ ಹೊರಗಿನಿಂದ ಹೇಳಿದಳು. ಬಾವಿಯಿಂದ ಎರಡು ಕೊಡ ಸೇದಿ ತಂದವಳೂ ಅವಳೇ.

ಇಷ್ಟಾದರೂ ಅದು ಅರ್ಧ ಗಂಟೆಗೆ ನಿಲ್ಲುವುದು ತಪ್ಪಲಿಲ್ಲ. ಆಗ ಶಾಹುಲ್ ಹಮೀದರ ಅನುಮಾನ ಮನುಷ್ಯರ ಮೇಲೆ ತಿರುಗಿತು. ನಾನು ಹೋಗದ ಹಾಗೆ ಮಾಡಲಿಕ್ಕೆ ಇವಳೇ ಏನೋ ಮಾಡುತ್ತಿದ್ದಾಳೆ ಎಂದು ಅವರು ಮೈನ್ ಸ್ವಿಚ್ಚಿನ ಡಬ್ಬಕ್ಕೆ ಟೇಪು ಸುತ್ತಿದರು. ಅದೂ ಸಾಲದೆ ಅದರ ಕೆಳಗೆ ಕುರ್ಚಿ ಹಾಕಿ ತಾಯಿಯನ್ನು ಕಾವಲಿಗೆ ಕೂರಿಸಿದರು. ಉಮ್ಮಾಲಿಮ್ಮ ಜಪಮಣಿ ಎಣಿಸುತ್ತಾ ಅಲ್ಲೇ ತೂಕಡಿಸಿದರು.

“ನಾಚಿಕೆ ಆಗುವುದಿಲ್ವಾ ನಿಮಗೆ? ಹೆಂಡತಿಗೆ ಕಾವಲಾ?” ಎಂದು ನುಸೈಬಾ ಕೇಳಿದಳು.

“ಹೆಂಡತಿಗಲ್ಲ, ಸ್ವಿಚ್ಚಿಗೆ.”

“ಸ್ವಿಚ್ಚಿಗೆ ಕೈ ಉಂಟಾ? ನನಗೆ ಅಲ್ವಾ ಕೈ ಇರುವುದು?”

ಮರುದಿನ ಅನುಮಾನ ಮಗಳ ಮೇಲೆ ಹೋಯಿತು. ಶಿಬಿಲಾ ಬಿಸಿಎ ಕೊನೆಯ ವರ್ಷದಲ್ಲಿದ್ದಳು. ಸಂಜೆ ಎರಡೆರಡು ಗಂಟೆ ಕೂತು ಕಾಲೇಜಿಗೆ ಕೊಡಬೇಕಾದ ಪ್ರಾಜೆಕ್ಟು ಟೈಪು ಮಾಡುತ್ತಿದ್ದಳು. ಅವಳಿಗೆ ಒಂದು ದಿನವೂ ಕಂಪ್ಯೂಟರು ಕೈಕೊಟ್ಟಿರಲಿಲ್ಲ.

“ನಿನಗೆ ಎರಡು ಗಂಟೆ ನಡೀತದೆ, ನನಗೆ ಅರ್ಧ ಗಂಟೆ. ಎಂತದೋ ಬೀಗ ಹಾಕಿದ್ದೀ ನೀನು.”

“ನಾನು ಯಾಕೆ ಬೀಗ ಹಾಕ್ಲಿ ಉಪ್ಪ? ನಿಮ್ಮ ಆಟಕ್ಕೆ ಜಾಸ್ತಿ ಶಕ್ತಿ ಬೇಕು. ಟೈಪು ಮಾಡ್ಲಿಕ್ಕೆ ಎಂತ ಬೇಕು?”

“ಆಟ ಅಲ್ಲ ಅದು.”

“ಸರಿ, ಆಟ ಅಲ್ಲ. ಲಾರಿ.”

ಉನೈಸ್ ತನ್ನ ಗೆಳೆಯ ತೌಫೀಕನನ್ನು ಕರೆತಂದ. ತೌಫೀಕ್ ಕಂಪ್ಯೂಟರು ಕಲಿತವನೇನಲ್ಲ, ಆದರೆ ಊರಿನಲ್ಲಿ ಯಾರ ಕಂಪ್ಯೂಟರು ಕೆಟ್ಟರೂ ಮೊದಲು ಬರುವವನು ಅವನೇ. ಬಂದವನು ಅಲ್ಲಿ ಒತ್ತಿ, ಇಲ್ಲಿ ಒತ್ತಿ, “ವೈರಸ್” ಎಂದ. ಎಲ್ಲ ಅಳಿಸಿ ಹೊಸತಾಗಿ ಹಾಕಿದರೆ ಸರಿಯಾಗುತ್ತದೆ ಎಂದು ಹೇಳಿ ಎರಡು ಲೋಟ ನಿಂಬೆ ಶರಬತ್ತು ಕುಡಿಯುವಷ್ಟರಲ್ಲಿ ಕೆಲಸ ಮುಗಿಸಿಯೇಬಿಟ್ಟ. ಸಂಜೆ ಕಾಲೇಜಿನಿಂದ ಬಂದ ಶಿಬಿಲಾ ಪರದೆ ನೋಡಿ ಚೀಲವನ್ನು ನೆಲಕ್ಕೆ ಹಾಕಿದಳು.

“ನನ್ನ ಪ್ರಾಜೆಕ್ಟು ಎಲ್ಲಿ?”

ತೌಫೀಕ್ ಬೈಕಿನ ಕೀಲಿ ಹುಡುಕಿದ.

“ನಲ್ವತ್ತಾರು ಪುಟ! ಪೆನ್‌ಡ್ರೈವಿನಲ್ಲಿ ಇರುವುದು ಜನವರಿಯದ್ದು, ಹದಿಮೂರೇ ಪುಟ! ಉಪ್ಪ, ಇದು ನನ್ನ ಕಂಪ್ಯೂಟರು. ನನ್ನ ಹತ್ತಿರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ?”

“ಅದನ್ನು ತಂದದ್ದು ಯಾರ ದುಡಿಮೆಯಲ್ಲಿ?” ಎಂದರು ಶಾಹುಲ್ ಹಮೀದರು. ಹೇಳಿದ ಮೇಲೆ ಅವರಿಗೇ ಅದು ಸರಿಯೆನಿಸಲಿಲ್ಲ. ಆದರೂ ಹಿಂದೆ ತೆಗೆದುಕೊಳ್ಳುವ ಅಭ್ಯಾಸ ಇರಲಿಲ್ಲ.

ಶಿಬಿಲಾ ಆ ದಿನ ಊಟ ಮಾಡಲಿಲ್ಲ. ಮರುದಿನದಿಂದ ಅಪ್ಪನ ಹತ್ತಿರ ಮಾತಾಡಲೂ ಇಲ್ಲ. ಉಪ್ಪನಿಗೆ ಚಹಾ ಕೊಡು ಎಂದರೆ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದಳು. ಅಷ್ಟೆಲ್ಲ ಅಳಿಸಿ ಹಾಕಿದ ಕಂಪ್ಯೂಟರು ಲಾರಿ ಹೊರಟ ಇಪ್ಪತ್ತನೇ ನಿಮಿಷಕ್ಕೆ ನಿಂತಿತು. ಮೊದಲಿಗಿಂತ ಹದಗೆಟ್ಟಿತ್ತು. ಉನೈಸ್ ಯುಪಿಎಸ್ ಬದಲಿಸಿದ. ಒಳಗೆ ಕರೆಂಟು ಹಂಚುವ ಡಬ್ಬವನ್ನೂ ಬದಲಿಸಿದ. ಹದಿನೈದು ನಿಮಿಷಕ್ಕೆ ಇಳಿಯಿತು.

ಮಾರ್ಚ್ ಮೂರನೇ ವಾರ ಬಂದಾಗ ನುಸೈಬಾಳಿಗೆ ಒಳಗೊಳಗೇ ಸಮಾಧಾನವಾಗಿತ್ತು. ಇನ್ನು ಇಪ್ಪತ್ತು ದಿನ ಹೀಗೇ ಕಳೆದರೆ ರೀಎಂಟ್ರಿ ತಾನಾಗಿ ಮುಗಿಯುತ್ತದೆ. ಆ ಸಮಾಧಾನವೂ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಗ್ಗೆ ನೀರುದೋಸೆ ತಿನ್ನುತ್ತಾ ಶಾಹುಲ್ ಹಮೀದರು ಮಗನಿಗೆ ಹೇಳಿದರು.

“ಆರನೇ ತಾರೀಕಿಗೆ ಟಿಕೆಟು ನೋಡು.”

“ಎರಡು ಗಂಟೆ ಎಲ್ಲಿ ಆಯ್ತು?” ನುಸೈಬಾ ಕಾವಲಿಯ ಎದುರಿಂದಲೇ ಕೇಳಿದಳು.

“ಕಂಪ್ಯೂಟರು ನಿಂತದ್ದು. ನಾನು ನಿಂತದ್ದಲ್ಲ. ಎಲ್ಲಿಯಾದರೂ ಗುದ್ದಿದೆನಾ? ಇಷ್ಟು ದಿನದ್ದು ಕೂಡಿಸಿದರೆ ಹತ್ತು ಗಂಟೆ ಆಗ್ತದೆ.”

“ಒಟ್ಟಿಗೆ ಎರಡು ಗಂಟೆ ಅಂತ ಮಾತು.”

“ಒಟ್ಟಿಗೆ ಓಡಿಸ್ಲಿಕ್ಕೆ ಅದು ಬಿಡಬೇಕಲ್ಲ! ಸೌದಿಯಲ್ಲಿ ನನ್ನ ಗಾಡಿ ಹೀಗೆ ನಿಲ್ಲುವುದಿಲ್ಲ.”

ನುಸೈಬಾಳ ಕೈಯಲ್ಲಿದ್ದ ದೋಸೆ ಹರಿಯಿತು. ಇಷ್ಟು ದಿನ ಯಾವ ಯಂತ್ರ ತನ್ನ ಕಡೆಗಿದೆ ಎಂದುಕೊಂಡಿದ್ದಳೋ ಅದೇ ಈಗ ಗಂಡನ ಕಡೆಗೆ ವಾಲಿತ್ತು. ಅದು ಸರಿಯಾಗದಿದ್ದರೆ ಅವರು ಹೋಗುವುದು ಖಂಡಿತ. ಸರಿಯಾದರೆ ಎಲ್ಲಿಯಾದರೂ ಗುದ್ದಿಯಾರು ಎಂಬ ಆಸೆಯಾದರೂ ಇದೆ. ಅವಳು ಒಲೆ ಆರಿಸಿ, ಬುರ್ಖಾ ಹಾಕಿ, ಬದಿಯಡ್ಕದ ಬಸ್ಸು ಹತ್ತಿದಳು.

ಅಲ್ಲಿ ಕಂಪ್ಯೂಟರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಲೋಕನಾಥ ಮಾತು ಕಡಿಮೆಯ ಮನುಷ್ಯ. ಮಧ್ಯಾಹ್ನ ಬೈಕಿನಲ್ಲಿ ಬಂದವನು ಯಾವ ಗುಂಡಿಯನ್ನೂ ಒತ್ತದೆ ಮೊದಲು ಕೇಳಿದ. “ಯಾವಾಗ ನಿಲ್ಲುವುದು?”

“ಲಾರಿ ಓಡಿಸುವಾಗ” ಎಂದರು ಶಾಹುಲ್ ಹಮೀದರು.

“ಹೊರಟ ಕೂಡ್ಲೆಯಾ, ಸ್ವಲ್ಪ ಹೊತ್ತಾದ ಮೇಲೆಯಾ?”

“ಮೊದಲು ನಲ್ವತ್ತು ನಿಮಿಷ. ಈಗ ಹನ್ನೆರಡು.”

“ನಿಂತ ಮೇಲೆ ಕೂಡ್ಲೆ ಹಾಕಿದರೆ ಇನ್ನೂ ಬೇಗ ನಿಲ್ತದಾ?”

“ಹೌದು ಮಾರಾಯ, ನಿನಗೆ ಹೇಗೆ ಗೊತ್ತು?”

“ಬಿಸಿ” ಎಂದ ಲೋಕನಾಥ. “ಮಿದುಳು ಕಾದರೆ ಸುಟ್ಟುಹೋಗುವ ಮೊದಲು ಅದೇ ತನ್ನನ್ನು ಬಂದ್ ಮಾಡಿಕೊಳ್ತದೆ. ಟೈಪು ಮಾಡುವಾಗ ಕಾಯುವುದಿಲ್ಲ, ಈ ಆಟಕ್ಕೆ ಕಾಯ್ತದೆ. ವೈರಸ್ಸೂ ಅಲ್ಲ, ಕರೆಂಟೂ ಅಲ್ಲ.”

ಶಿಬಿಲಾ ಬಾಗಿಲ ಬಳಿ ನಿಂತು ಗೋಡೆಗೆ ಹೇಳುವ ಹಾಗೆ ಹೇಳಿದಳು. “ನಲ್ವತ್ತಾರು ಪುಟ.”

ಲೋಕನಾಥ ಪೆಟ್ಟಿಗೆಯ ಬದಿಯ ತಗಡು ಬಿಚ್ಚಿ ಟಾರ್ಚು ಹಾಕಿದ. ಒಳಗೆ ಬಗ್ಗಿದವನು ಹುಬ್ಬುಗಂಟಿಕ್ಕಿ ಮೂಗು ಹತ್ತಿರ ತಂದ. ತಂಪು ಮಾಡುವ ಫ್ಯಾನು, ಅದರ ಕೆಳಗಿನ ತಗಡಿನ ಸಾಲುಗಳು ಎಲ್ಲ ಕಪ್ಪು ಅಂಟಿನಲ್ಲಿ ಮುಳುಗಿದ್ದವು. ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂತು.

“ಧೂಳು ಇರ್ತದೆ ಎಲ್ಲ ಕಡೆ. ಈ ಅಂಟು ನಾನು ನೋಡಿದ್ದಿಲ್ಲ. ಇದಕ್ಕೆ ಪರಿಮಳ ಬೇರೆ ಉಂಟು. ಒಳಗೆ ಎಂತ ಹಾಕಿದ್ದೀರಿ ನೀವು?”

ಶಾಹುಲ್ ಹಮೀದರು ಸ್ಕ್ರೂಡ್ರೈವರನ್ನು ಕೈಗೆ ತೆಗೆದುಕೊಂಡು ಮೂಸಿದರು. ಅವರಿಗೆ ಆ ಪರಿಮಳ ಗೊತ್ತಾಗದೆ ಇರುತ್ತದೆಯೇ? ರಿಯಾದಿನ ಪೇಟೆಯಲ್ಲಿ ಹತ್ತು ಅಂಗಡಿ ಹತ್ತಿಳಿದು, ಚೌಕಾಸಿ ಮಾಡಿ, ಪ್ರತಿ ಸಲ ಊರಿಗೆ ಬರುವಾಗ ತಾಯಿಗೆಂದು ತರುತ್ತಿದ್ದ ಊದಿನ ಧೂಪ ಅದು.

“ಉಮ್ಮಾ!” ಎಂದು ಕೂಗಿದರು.

ಉಮ್ಮಾಲಿಮ್ಮ ಒಳಗಿನಿಂದ ನಿಧಾನಕ್ಕೆ ಬಂದರು. ಪ್ರತಿ ಗುರುವಾರ ಸಂಜೆ ಮನೆಗೆಲ್ಲ ಧೂಪ ಹಾಕುವುದು ಅವರ ವಾಡಿಕೆ. ಧೂಪದ ಕೆಂಡದ ಬಟ್ಟಲು ಇಡುತ್ತಿದ್ದುದು ಕಂಪ್ಯೂಟರಿನ ಮೇಜಿನ ಅಡಿಯಲ್ಲಿ, ಪೆಟ್ಟಿಗೆಯ ಪಕ್ಕದಲ್ಲೇ. ಯಾರೂ ಎಡವದಿರಲಿ ಎಂದು.

“ಗುರುವಾರ ಮಾತ್ರ ಅಲ್ಲ” ಎಂದು ಅವರು ಅಭಿಮಾನದಿಂದಲೇ ಹೇಳಿದರು. “ಇದು ನಿಲ್ಲಲಿಕ್ಕೆ ಶುರುವಾದ ಮೇಲೆ ನಾನು ದಿನಾ ಹಾಕ್ತೇನೆ. ಕಣ್ಣು ತಾಗಿದ್ದು ಇದಕ್ಕೆ. ಆ ಸ್ಟೇರಿಂಗು ಬಂದ ದಿನ ಎಷ್ಟು ಜನ ಬಂದು ನೋಡಿದರು! ನೀವೆಲ್ಲ ಮಧ್ಯಾಹ್ನ ಮಲಗಿದ ಮೇಲೆ ಬಟ್ಟಲು ಇಟ್ಟು, ಮೇಜಿನ ಮೇಲಿಂದ ನೆಲದ ತನಕ ಹೊದಿಕೆ ಮುಚ್ಚುವುದು. ಮದುಮಗಳ ಬಟ್ಟೆಗೆ ಹೊಗೆ ಹಿಡಿಸುವುದಿಲ್ವಾ, ಹಾಗೆ. ಸ್ವಲ್ಪವೂ ಹೊರಗೆ ಹೋಗ್ಲಿಕ್ಕೆ ಬಿಡುವುದಿಲ್ಲ ನಾನು.”

“ದಿನಾ?” ಎಂದ ಲೋಕನಾಥ.

“ದಿನಾ. ಜಾಸ್ತಿ ನಿಂತ ದಿನ ಎರಡು ಸಲ.”

ಉನೈಸ್ ಕೈಯಿಂದ ಬಾಯಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದ. ಶಿಬಿಲಾ ಮೂರು ವಾರದಲ್ಲಿ ಮೊದಲ ಸಲ ನಕ್ಕಳು. ಶಾಹುಲ್ ಹಮೀದರು ಒಮ್ಮೆ ತಾಯಿಯ ಮುಖ, ಒಮ್ಮೆ ಅಂಟು ನೋಡಿದರು. ಹೆಂಡತಿಯ ಮೇಲೆ, ಮಗಳ ಮೇಲೆ ಹಾರಾಡಿದವರು ತಾಯಿಯೆದುರು ಸ್ಕ್ರೂಡ್ರೈವರನ್ನು ಮೆಲ್ಲ ಕೆಳಗಿಟ್ಟರು.

“ಇನ್ನು ಹಾಕ್ಬೇಡಿ ಉಮ್ಮಾ” ಎಂದಷ್ಟೇ ಹೇಳಿದರು.

“ಸರಿಯಾಯ್ತಲ್ಲ? ನಾನು ಧೂಪ ಹಾಕದಿದ್ದರೆ ಈ ಜನ ಬರ್ತಿದ್ದನಾ?” ಎಂದು ಉಮ್ಮಾಲಿಮ್ಮ ಲೋಕನಾಥನನ್ನು ತೋರಿಸಿ ಒಳಗೆ ಹೋದರು.

“ನನ್ನ ಮೇಲೆ ಕಾವಲು ಕೂರಿಸಿದವರು ಈಗ ಎಂತ ಹೇಳ್ತಾರಂತೆ?” ಎಂದಳು ನುಸೈಬಾ. ಶಾಹುಲ್ ಹಮೀದರು ಮೈನ್ ಸ್ವಿಚ್ಚಿನ ಟೇಪನ್ನು ತಾವೇ ಹೋಗಿ ಬಿಚ್ಚಿದರು. ಅದಕ್ಕಿಂತ ಹೆಚ್ಚಿನ ಕ್ಷಮೆ ಅವರಿಂದ ಹೊರಡಲಿಲ್ಲ. ಆದರೆ ಕಂಪ್ಯೂಟರು ರಿಪೇರಿಯಾಗಿ ಬಂದ ಸಂಜೆ ಶಿಬಿಲಾ ಟೈಪು ಮಾಡುವಾಗ ಪಕ್ಕದಲ್ಲಿ ಕುಳಿತು, ಅವಳು ಕೈಯಲ್ಲಿ ಬರೆದಿಟ್ಟಿದ್ದ ಹಳೆಯ ಹಾಳೆಗಳನ್ನು ಒಂದೊಂದಾಗಿ ಓದಿ ಹೇಳಿದರು. ಇಂಗ್ಲಿಷು ತಪ್ಪು ತಪ್ಪಾಗಿ ಓದಿ ಬೈಸಿಕೊಂಡರು.

ಲೋಕನಾಥ ಒಳಗಿನದನ್ನೆಲ್ಲ ಅಂಗಡಿಗೆ ಒಯ್ದು, ಸ್ಪಿರಿಟ್ಟಿನಲ್ಲಿ ತೊಳೆದು, ಹೊಸ ಫ್ಯಾನು ಕೂರಿಸಿ ತಂದಿದ್ದ. ಏಪ್ರಿಲ್ ಮೂರು ಆದಿತ್ಯವಾರ. ಬೆಳಗ್ಗೆ ಹತ್ತಕ್ಕೆ ಮತ್ತೆ ಎಲ್ಲರೂ ಚಾವಡಿಯಲ್ಲಿ ಸೇರಿದರು. ಆರನೇ ತಾರೀಕಿನ ಟಿಕೆಟನ್ನು ಉನೈಸ್ ನೋಡಿಟ್ಟಿದ್ದ, ಹಣ ಕಟ್ಟುವುದು ಮಾತ್ರ ಬಾಕಿ. ಉಮ್ಮಾಲಿಮ್ಮ ಗೋಡೆ ಗಡಿಯಾರದ ಎದುರು ಕುರ್ಚಿ ಎಳೆದುಕೊಂಡರು. ನುಸೈಬಾ ಮೀನು ಹಾಗೇ ಬಿಟ್ಟು ಬಂದು ನೆಲದಲ್ಲಿ ಕೂತಳು.

ಶಾಹುಲ್ ಹಮೀದರು ಬಿಸ್ಮಿಲ್ಲಾ ಹೇಳಿ ಹೊರಟರು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಕಂಪ್ಯೂಟರು ನಿಲ್ಲಲಿಲ್ಲ. ಲಾರಿ ಗುದ್ದಲಿಲ್ಲ. ಮುಂದೆ ಹೋಗುವ ಕಾರಿನವನು ಯಾವಾಗ ಎಡವಟ್ಟು ಮಾಡುತ್ತಾನೆ ಎಂದು ಅವರು ಮೊದಲೇ ಹೇಳುತ್ತಿದ್ದರು, ಹಾಗೇ ಆಗುತ್ತಿತ್ತು. “ಈಗ ನೋಡು, ಇವ ಸಿಗ್ನಲ್ ಹಾಕದೆ ಬರ್ತಾನೆ.” ಬಂದ. ಇಳಿಜಾರಿನಲ್ಲಿ ಗೇರು ಇಳಿಸಿದರು, ತಿರುವಿನಲ್ಲಿ ಹಿಂದಿನ ಚಕ್ರಕ್ಕೆ ಜಾಗ ಬಿಟ್ಟರು. ಒಂದೂವರೆ ಗಂಟೆಯಾದಾಗ ನುಸೈಬಾ ಪರದೆ ನೋಡುವುದನ್ನು ಬಿಟ್ಟು ಗಂಡನ ಮುಖ ನೋಡತೊಡಗಿದ್ದಳು. ಮದುವೆಯಾಗಿ ಇಪ್ಪತ್ತೇಳು ವರ್ಷವಾಗಿತ್ತು, ಈ ಮನುಷ್ಯ ತನ್ನ ಕೆಲಸ ಮಾಡುವುದನ್ನು ಅವಳು ನೋಡಿದ್ದು ಇದೇ ಮೊದಲು. ಎಷ್ಟು ಚೆಂದ ಮಾಡುತ್ತಾರೆ ಎಂದು ಅನಿಸಿತು, ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

“ಹನ್ನೆರಡು ಆಯ್ತು” ಎಂದರು ಉಮ್ಮಾಲಿಮ್ಮ.

ಶಾಹುಲ್ ಹಮೀದರು ಲಾರಿಯನ್ನು ಗೋದಾಮಿನ ಅಂಗಳಕ್ಕೆ ಹಿಂದೆ ಹಿಂದೆ ತಂದು, ಗೆರೆಯ ನಡುವೆ ಸರಿಯಾಗಿ ನಿಲ್ಲಿಸಿ, ಸ್ಟೇರಿಂಗಿನಿಂದ ಕೈ ತೆಗೆದರು. ಉನೈಸ್ ಚಪ್ಪಾಳೆ ಹೊಡೆದ.

“ಈಗ ಹೇಳು” ಎಂದು ಅವರು ಹೆಂಡತಿಯ ಕಡೆಗೆ ತಿರುಗಿದರು.

“ಎಂತ ಹೇಳುವುದು? ಮಾತು ಮಾತೇ. ಹೋಗಿ” ಎಂದಳು ನುಸೈಬಾ. ಎದ್ದು ಅಡುಗೆಕೋಣೆಗೆ ಹೋದಳು.

ಗೆದ್ದವರಿಗೆ ಅಷ್ಟು ಸಾಲದು. ಶಾಹುಲ್ ಹಮೀದರು ಕುರ್ಚಿಯಿಂದ ಎದ್ದು ಅವಳ ಹಿಂದೆಯೇ ನಡೆದರು. “ಸಿಟ್ಟು ಮಾಡ್ಬೇಡ ಮಾರಾಯ್ತಿ. ಇನ್ನು ಎರಡೇ ವರ್ಷ. ಆಮೇಲೆ ನೀನು ಹುಳಿ ಎಷ್ಟು ಹಾಕಿದರೂ ನಾನು ಮಾತಾಡುವುದಿಲ್ಲ” ಎನ್ನುತ್ತಾ ಬಾಗಿಲ ತನಕ ಹೋಗಿ, ಮಗನಿಗೆ ಟಿಕೆಟಿನ ಹಣ ಕಟ್ಟಲು ಹೇಳಬೇಕೆಂದು ತಿರುಗಿದರು. ತಿರುಗಿದವರು ಅಲ್ಲೇ ನಿಂತರು.

ಚಾವಡಿಯ ಬಿಳಿ ಟೈಲ್ಸಿನ ಮೇಲೆ ಕಂಪ್ಯೂಟರಿನ ಮೇಜಿನಿಂದ ಅಡುಗೆಕೋಣೆಯ ಬಾಗಿಲ ತನಕ ರಕ್ತದ ಹೆಜ್ಜೆಗಳಿದ್ದವು.

“ಇದೆಂತ ರಕ್ತ?” ಎಂದು ಅವರು ಗಾಬರಿಯಿಂದ ಕೂಗಿದರು. “ಯಾರಿಗೆ ತಾಗಿದ್ದು? ಶಿಬಿಲಾ, ಕಾಲು ನೋಡು ನಿನ್ನದು. ಉನೈಸ್, ನೀನು ಎಲ್ಲಿಯಾದರೂ ಗಾಜು ತುಳಿದ್ಯಾ? ಉಮ್ಮಾ, ನೀವು ಕೂತಲ್ಲಿಂದ ಏಳ್ಬೇಡಿ!”

ಮಗಳ ಹತ್ತಿರ ಹೋಗಿ ಅವಳ ಕಾಲು ಬಗ್ಗಿ ನೋಡಿದರು. ತಾಯಿಯ ಹತ್ತಿರ ಹೋಗಿ ಅವರ ಸೀರೆಯ ಅಂಚು ಸರಿಸಿ ನೋಡಿದರು. ಅವರು ಹೋದ ಕಡೆಗೆಲ್ಲ ಕೆಂಪು ಹೆಜ್ಜೆ ಮೂಡುತ್ತಾ ಹೋಯಿತು. ಮಕ್ಕಳಿಬ್ಬರೂ ಅವರ ಬಲಗಾಲನ್ನೇ ನೋಡುತ್ತಿದ್ದರು. ಮೇಜಿನ ಅಡಿಯಲ್ಲಿ ಪೆಡಲಿನ ರಬ್ಬರು ಕಿತ್ತು ಬಿದ್ದಿತ್ತು, ಅದರ ಒಳಗಿನ ತಗಡು ಚೂಪಾಗಿ ಎದ್ದಿತ್ತು.

ಕೂಗು ಕೇಳಿ ಬಂದ ನುಸೈಬಾ ಒಂದು ಕ್ಷಣದಲ್ಲಿ ಎಲ್ಲ ನೋಡಿದಳು. ಕುರ್ಚಿ ಎಳೆದು ಗಂಡನ ಹಿಂದೆ ಇಟ್ಟಳು.

“ಕೂತ್ಕೊಳ್ಳಿ.”

“ನನಗೆಂತ ಆಗ್ಲಿಲ್ಲ. ಮೊದಲು ಮಕ್ಕಳನ್ನು ನೋಡು ನೀನು!”

“ಕೂತ್ಕೊಳ್ಳಿ ಅಂದೆ.”

ಅವರನ್ನು ಹೆಗಲು ಹಿಡಿದು ಕೂರಿಸಿದಳು. ನೆಲದಲ್ಲಿ ಕೂತು ಬಲಗಾಲನ್ನು ತನ್ನ ಮಡಿಲಿಗೆ ಎತ್ತಿಕೊಂಡು, ಅಂಗಾಲು ಅವರಿಗೆ ಕಾಣುವ ಹಾಗೆ ತಿರುಗಿಸಿದಳು. ಹೆಬ್ಬೆರಳ ಬುಡದಿಂದ ನಡುವಿನ ತನಕ ಚರ್ಮ ಹರಿದು ಬಾಯಿ ಬಿಟ್ಟಿತ್ತು. ಶಾಹುಲ್ ಹಮೀದರು ಅದನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿದರು.

“ಇದು ಯಾವಾಗ ಆದದ್ದು?” ಎಂದು ಹೆಂಡತಿಯನ್ನು ಕೇಳಿದರು.

“ನಿಮ್ಮ ಕಾಲು ಮಾರಾಯ್ರೆ, ನನ್ನ ಹತ್ತಿರ ಕೇಳ್ತೀರಾ?” ಎಂದು ನುಸೈಬಾ ಗದರಿದಳು. ಗದರುತ್ತಲೇ ಅತ್ತುಬಿಟ್ಟಳು. ಗೆದ್ದದ್ದು ತಾನೇ ಎಂದು ಅವಳಿಗೆ ಗೊತ್ತಿತ್ತು, ಅಂಥ ಗೆಲುವು ಅವಳಿಗೆ ಬೇಕಾಗಿರಲಿಲ್ಲ. ಶಾಲಿನ ತುದಿಯಿಂದ ಗಾಯವನ್ನು ಅದುಮಿ ಹಿಡಿದು, ನೀರು ತಾ, ಬಟ್ಟೆ ತಾ, ಜೀಪಿಗೆ ಫೋನ್ ಮಾಡು ಎಂದು ಮಕ್ಕಳಿಗೆ ಕೂಗಿದಳು.

ಉನೈಸ್ ಫೋನು ಕಿವಿಗಿಟ್ಟ. ಶಾಹುಲ್ ಹಮೀದರು ಅವನನ್ನು ಕೈಸನ್ನೆ ಮಾಡಿ ಹತ್ತಿರ ಕರೆದರು.

“ಟಿಕೆಟಿಗೆ ಹಣ ಕಟ್ಬೇಡ” ಎಂದರು.